ಹೆಣ್ಣುಕೂಸಿಗೊಂದು ಹೆಸರು ಹುಡುಕುತ್ತಾ ಸಾವಿರ ವರ್ಷ ಹಿಂದಕ್ಕೆ...

ನಮ್ಮ ಡೊಂಬಿವಲಿ ಮನೆಗೆ ಕಳೆದ ವಾರ ಹೊಸ ಸದಸ್ಯೆಯೊಬ್ಬಳು ಬಂದಿದ್ದಾಳೆ. ಮಗನ ಮಗಳು. ಹೀಗಾಗಿ ಇಷ್ಟು ದಿನ ಬರೀ ನಿವೃತ್ತ ನೌಕರನಾಗಿದ್ದ ನನಗೆ ‘ಆಜೋಬಾ’ ಎಂಬ ಬಡ್ತಿ ಸಿಕ್ಕಿದೆ. (ಸೊಸೆ ಮರಾಠಿಯವಳು, ಅದಕ್ಕೇ ಆಜೋಬಾ. ‘ಅಜ್ಜ’ ಅಂತ ಕರೆಸಿಕೊಳ್ಳುವ ಆಸೆ ಇನ್ನೂ ಬಿಟ್ಟಿಲ್ಲ ಅನ್ನಿ.)

ಕೂಸು ಬರುವ ಮೂರು ತಿಂಗಳು ಮೊದಲೇ ಮನೆಯಲ್ಲಿ ಕೆಲಸ ಹಂಚಿಕೆಯಾಗಿತ್ತು. ಗಂಡಾದರೆ ಹೆಸರು ಹುಡುಕುವುದು ಬೀಗರ ಪಾಲಿಗೆ, ಹೆಣ್ಣಾದರೆ ನನ್ನ ಪಾಲಿಗೆ. ಷರತ್ತುಗಳನ್ನು ಮಗ ವಾಟ್ಸಾಪಿನಲ್ಲಿ ಕಳಿಸಿದ್ದ. ಹೆಸರು ಚಿಕ್ಕದಿರಬೇಕು, ಎಲ್ಲೂ ಕೇಳಿರಬಾರದು, ಅರ್ಥ ಚೆನ್ನಾಗಿರಬೇಕು, ಅಮೆರಿಕಾದವರಿಗೂ ಉಚ್ಚರಿಸಲು ಬರಬೇಕು! ಜೊತೆಗೆ ಮಾದರಿಗೆಂದು ಅಂತರ್ಜಾಲದಿಂದ ಇಳಿಸಿದ ಒಂದು ಪಟ್ಟಿ. ಕಿಯಾರಾ, ಮಾಯ್ರಾ, ಅನಾಯಾ, ಶನಾಯಾ... ಓದುತ್ತಾ ಹೋದರೆ ಎಲ್ಲವೂ ಒಂದೇ ಕಾರ್ಖಾನೆಯಲ್ಲಿ ತಯಾರಾದ ಹಾಗೆ ಕಾಣುತ್ತಿದ್ದವು. ಕಿಯಾರಾ ಎಂಬುದರ ಮೂಲ ಇಟಲಿಯ ಹೆಸರು, ‘ಬೆಳಗುವವಳು’ ಎಂದು ಅರ್ಥವಂತೆ. ತಪ್ಪೇನೂ ಇಲ್ಲ. ಆದರೆ ಬೆಳಕು ತರಲಿಕ್ಕೆ ಇಟಲಿಯವರೆಗೆ ಹೋಗಬೇಕೇ ಎಂದು ನನ್ನ ಪ್ರಶ್ನೆ.

‘ಯಾರೂ ಕೇಳಿರದ ಹೆಸರು ತಾನೇ ಬೇಕು? ತಾಳು ಮಗನೇ’ ಅಂದುಕೊಂಡು ನಾನು ನನ್ನ ಹಳೆಯ ಚಟಕ್ಕೆ ಮರಳಿದೆ. ಫೋರ್ಟಿನಲ್ಲಿ ಕೆಲಸದಲ್ಲಿದ್ದಾಗ ಊಟದ ವಿರಾಮದಲ್ಲಿ ಟೌನ್ ಹಾಲಿನ ಮೆಟ್ಟಿಲು ಹತ್ತಿ ಏಷಿಯಾಟಿಕ್ ಸೊಸೈಟಿಯ ಪುಸ್ತಕಗಳ ನಡುವೆ ಕೂರುವ ಅಭ್ಯಾಸ ಮಾಡಿಕೊಂಡಿದ್ದೆ. ಬಿ. ಎಲ್. ರೈಸ್ ಸಾಹೇಬರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ಪರಿಚಯವಾದದ್ದು ಹಾಗೆ. ಶಾಸನ ಓದುವ ಪಾಂಡಿತ್ಯ ನನಗಿಲ್ಲ. ಆದರೆ ಅದರಲ್ಲಿ ಬರುವ ಹೆಸರುಗಳನ್ನು ಗುರುತು ಹಾಕಿಕೊಳ್ಳುವ ಹುಚ್ಚು ಇತ್ತು. ಯುದ್ಧ, ದಾನ, ಸಾವು ಯಾವುದೇ ಇರಲಿ, ಕಲ್ಲಿನ ಮೇಲೆ ಒಬ್ಬ ಹೆಣ್ಣುಮಗಳ ಹೆಸರು ಕಂಡರೆ ನೋಟ್ ಪುಸ್ತಕಕ್ಕೆ ಇಳಿಸಿಬಿಡುತ್ತಿದ್ದೆ. ಆ ನೋಟ್ ಪುಸ್ತಕವನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿದೆ. ಅದರೊಳಗಿನ ಕೆಲವನ್ನು ನಿಮ್ಮ ಮುಂದಿಡುತ್ತೇನೆ, ನೋಡಿ. ನಿಮ್ಮ ಮನೆಯಲ್ಲೂ ತೊಟ್ಟಿಲು ಕಟ್ಟುವ ಸಂಭ್ರಮವಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಬಾದಾಮಿಗೆ ಹೋಗೋಣ. ಎಂಟನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ವಿಜಯಾದಿತ್ಯನ ತಂಗಿಯ ಹೆಸರು ಕುಂಕುಮ ಮಹಾದೇವಿ. ಪುಲಿಗೆರೆಯಲ್ಲಿ, ಅಂದರೆ ನಮ್ಮ ಗದಗ ಸೀಮೆಯ ಈಗಿನ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದವಳು ಇವಳೇ. ಕುಂಕುಮ ಎಂದರೆ ಕೇಸರಿಯೂ ಹೌದು, ಹಣೆಯ ಮೇಲಿನದೂ ಹೌದು. ಹೆಣ್ಣುಮಗುವಿಗೆ ಕುಂಕುಮ ಎಂದು ಹೆಸರಿಟ್ಟವರನ್ನು ನಾನಂತೂ ನೋಡಿಲ್ಲ. ಎಷ್ಟು ಚೆಂದದ ಹೆಸರು!

ಅದೇ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ. ಅವಳು ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟ ವಿಷಯವನ್ನು ಅಲ್ಲಿನ ಕಂಬದ ಶಾಸನ ಹೇಳುತ್ತದೆ. ನನಗೆ ಬಹಳ ಹಿಡಿಸಿದ್ದು ಏನೆಂದರೆ, ಆ ಶಾಸನ ಅವಳ ಅಪ್ಪನ ಹೆಸರು ಹೇಳುವುದಿಲ್ಲ. ತಾಯಿ ಕುಚಿಪೋಟಿ, ತಾಯಿಯ ತಾಯಿ ರೇವಮಂಚಿ ಎಂದು ಹೆಣ್ಣುಸಂತತಿಯನ್ನೇ ಹೇಳುತ್ತದೆ. ಮಗಳು, ತಾಯಿ, ಅಜ್ಜಿ ಮೂರು ತಲೆಮಾರು ಒಂದೇ ಕಲ್ಲಿನಲ್ಲಿ! ನಮ್ಮಲ್ಲಿ ಎಷ್ಟು ಜನಕ್ಕೆ ನಮ್ಮ ಅಜ್ಜಿಯ ತಾಯಿಯ ಹೆಸರು ಗೊತ್ತು? ನನಗಂತೂ ಗೊತ್ತಿಲ್ಲ. ರೇವಾ ಎಂದರೆ ನರ್ಮದಾ ನದಿ. ಈ ಹೆಸರನ್ನು ಮುಂದೆ ಇನ್ನೊಮ್ಮೆ ಭೇಟಿಯಾಗುತ್ತೇವೆ, ನೆನಪಿಟ್ಟುಕೊಳ್ಳಿ.

ಇದೇ ಮನೆತನದ ಇನ್ನೊಬ್ಬಳು ವಿಜಯ ಭಟ್ಟಾರಿಕೆ. ಇಮ್ಮಡಿ ಪುಲಕೇಶಿಯ ಸೊಸೆ, ಚಂದ್ರಾದಿತ್ಯನ ಹೆಂಡತಿ. ಅವಳ ತಾಮ್ರಪಟಗಳು ಸಿಕ್ಕಿದ್ದು ಎಲ್ಲಿ ಅಂತೀರಿ? ನೇರೂರು ಮತ್ತು ಕೋಚರೆಯಲ್ಲಿ. ಎರಡೂ ಇಂದಿನ ಸಿಂಧುದುರ್ಗ ಜಿಲ್ಲೆಯ ಊರುಗಳು, ನಮ್ಮ ಕೊಂಕಣ ರೈಲಿನ ಹಾದಿಯಲ್ಲೇ ಬರುವ ಸೀಮೆ. ಸಂಸ್ಕೃತದಲ್ಲಿ ಪದ್ಯ ಬರೆದ ವಿಜ್ಜಿಕಾ ಎಂಬ ಕವಯಿತ್ರಿ ಇವಳೇ ಎಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ರಾಜಶೇಖರ ಕವಿ ಕರ್ನಾಟದ ವಿಜಯಾಂಕೆಯನ್ನು ಸರಸ್ವತಿಗೆ ಹೋಲಿಸಿ, ವೈದರ್ಭಿ ಶೈಲಿಯಲ್ಲಿ ಕಾಳಿದಾಸನ ನಂತರ ಇವಳೇ ಎಂದು ಹೊಗಳಿದ್ದಾನೆ. ‘ವಿದ್ಯೆ’ ಹಳಗನ್ನಡದಲ್ಲಿ ‘ಬಿಜ್ಜೆ’ ಆಗುತ್ತದೆ. ವಿಜ್ಜಿಕಾ ಎಂದಾಗ ಆ ವಿದ್ಯೆಯೂ ಕೇಳಿಸುತ್ತದೆ, ವಿಜಯವೂ ಕೇಳಿಸುತ್ತದೆ.

ಇನ್ನು ರಾಷ್ಟ್ರಕೂಟರು. ಮುಮ್ಮಡಿ ಕೃಷ್ಣನ ಅಕ್ಕ ರೇವಕನಿಮ್ಮಡಿ. ಗಂಗರ ಇಮ್ಮಡಿ ಬೂತುಗನಿಗೆ ಕೊಟ್ಟು ಮದುವೆ ಮಾಡಿದ್ದರು. ನೋಡಿದಿರಾ, ರೇವಾ ಮತ್ತೆ ಬಂತು! ವಿನಾಪೋಟಿಯ ಮನೆಯಲ್ಲೂ ಅದೇ, ಚಕ್ರವರ್ತಿಯ ಮನೆಯಲ್ಲೂ ಅದೇ. ಕನ್ನಡದ ಅರಸರ ಕುದುರೆಗಳು ನರ್ಮದೆಯವರೆಗೆ ಹೋಗಿ ಬರುತ್ತಿದ್ದ ಕಾಲವದು. ಗಂಡಸರು ಗಡಿ ಗೆದ್ದರೆ ಹೆಣ್ಣುಮಕ್ಕಳಿಗೆ ಗಡಿಯ ನದಿಯ ಹೆಸರು ಬಂತೇನೋ ಎಂದು ನನ್ನ ಊಹೆ.

ರಾಷ್ಟ್ರಕೂಟರ ಕಾಲದವಳೇ ಇನ್ನೊಬ್ಬಳು ಜಕ್ಕಿಯಬ್ಬೆ. ಹತ್ತನೆಯ ಶತಮಾನದ ಆರಂಭ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡಾಗ ಅರಸ ಆ ಅಧಿಕಾರವನ್ನು ಇವಳಿಗೇ ಕೊಟ್ಟ. ಎಪ್ಪತ್ತು ಹಳ್ಳಿಗಳ ಆಡಳಿತ! ಸಮರ್ಥವಾಗಿ ನಡೆಸಿ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಣಿಕೆಯ ಬಸದಿಯಲ್ಲಿ ವ್ರತ ಹಿಡಿದು ಪ್ರಾಣ ಬಿಟ್ಟಳು. ಜಕ್ಕಿ ಎಂದರೆ ‘ಯಕ್ಷಿ’. ಸಂಸ್ಕೃತದ ಗಡಸು ಶಬ್ದಗಳನ್ನು ನಮ್ಮವರು ಬಾಯಲ್ಲಿ ಹಾಕಿಕೊಂಡು ಬೆಲ್ಲದ ಹಾಗೆ ಕರಗಿಸಿಬಿಡುತ್ತಿದ್ದರು. ಯಕ್ಷಿ ಜಕ್ಕಿಯಾದಳು, ಲಕ್ಷ್ಮಿ ಲಚ್ಚಿಯಾದಳು, ಬ್ರಹ್ಮ ಬಮ್ಮನಾದ, ಶ್ರೀ ಸಿರಿಯಾಯಿತು. (ಸಿರಿ ಎಂಬ ಹೆಸರನ್ನು ಮಾತ್ರ ಸೊಸೆ ತಕ್ಷಣ ಹೊಡೆದು ಹಾಕಿದಳು. ಕೂಸನ್ನು ಕರೆದರೆ ಅವಳ ಮೊಬೈಲು ಓಗೊಡುತ್ತದಂತೆ! ತುಳುನಾಡಿನವರು ಪಾಡ್ದನದಲ್ಲಿ ಎಷ್ಟೋ ತಲೆಮಾರಿನಿಂದ ಹಾಡಿಕೊಂಡು ಬಂದ ಸಿರಿಗೆ ಇಂಥ ಗತಿ.)

ಈಗ ಜಕ್ಕಿಯಬ್ಬೆಯ ಕೊನೆಯಲ್ಲಿರುವ ‘ಅಬ್ಬೆ’ಗೆ ಬರುತ್ತೇನೆ. ನನ್ನ ಕಥೆ ಇರುವುದೇ ಅಲ್ಲಿ.

ಅಬ್ಬೆ ಎಂದರೆ ತಾಯಿ. ಹವ್ಯಕರ ಮನೆಗಳಲ್ಲಿ ಇಂದಿಗೂ ತಾಯಿಯನ್ನು ಅಬ್ಬೆ ಎಂದೇ ಕರೆಯುತ್ತಾರೆ. ಅದೇ ಮುಂದೆ ಅವ್ವೆಯಾಯಿತು, ನಮ್ಮ ಕಡೆ ಅವ್ವ ಆಯಿತು. ಒಂಬತ್ತು, ಹತ್ತು, ಹನ್ನೊಂದನೆಯ ಶತಮಾನದ ಶಾಸನಗಳನ್ನು ತಿರುವಿ ಹಾಕಿ, ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಈ ಅಬ್ಬೆ ಮತ್ತೆ ಮತ್ತೆ ಕಾಣುತ್ತಾಳೆ. ಇಂದು ತೊಟ್ಟಿಲಲ್ಲಿ ಮಲಗಿರುವ ಕೂಸಿಗೆ ‘ತಾಯಿ’ ಎಂದು ಕರೆದುಬಿಡುವ ಧೈರ್ಯ ಅದು. ಪಂಪನ ತಾಯಿಯ ಹೆಸರು ಅಬ್ಬಣಬ್ಬೆ. ನಮ್ಮ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳು. ಈ ಹೆಸರು ನಮಗೆ ಉಳಿದದ್ದು ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ್ದರಿಂದ. ಆದಿಕವಿಯ ತಾಯಿ ಯಾರೆಂದು ಗೊತ್ತಾಗಲು ಇಪ್ಪತ್ತನೆಯ ಶತಮಾನದಲ್ಲಿ ಆ ಬಂಡೆ ವಿದ್ವಾಂಸರ ಕಣ್ಣಿಗೆ ಬೀಳಬೇಕಾಯಿತು.

ರನ್ನನ ತಾಯಿ ಅಬ್ಬಲಬ್ಬೆ. ಅವನಿಗೆ ಆಶ್ರಯ ಕೊಟ್ಟು, 993ರಲ್ಲಿ ‘ಅಜಿತಪುರಾಣ’ ಬರೆಸಿದವಳು ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ ಕಣ್ಮರೆಯಾಗಬಾರದೆಂದು ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ತಾಳೆಗರಿಯ ಮೇಲೆ ಸಾವಿರ ಪ್ರತಿ! ನಮ್ಮೂರಿನಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇದೆ, ಅಲ್ಲಿನ ಶಾಸನ 1007ರದ್ದು. ರನ್ನ ಏನು ಮಾಡಿದ ಗೊತ್ತೇ? ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟ. ಮಗನಿಗೆ ಚಾವುಂಡರಾಯನ ನೆನಪಿಗೆ ರಾಯ ಎಂದಿಟ್ಟ. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನು ಋಣ ತೀರಿಸಿದ ರೀತಿ ಅದು. ಹೆಸರು ಅಂದರೆ ಬರೀ ಅರ್ಥವಲ್ಲ, ಅದು ಯಾರನ್ನು ನೆನೆಯುತ್ತೇವೆ ಎಂಬ ಲೆಕ್ಕವೂ ಹೌದು. ಈ ಮಾತು ನನಗೆ ಚುಚ್ಚುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬರುವಷ್ಟರಲ್ಲಿ ಫ್ಯಾಷನ್ ಬದಲಾಯಿತು. ಹೆಸರಿನಲ್ಲಿ ‘ಲ’ಕಾರ ಮೆರೆಯತೊಡಗಿತು. ಕೇತಲ, ಮೈಳಲ, ಜಕ್ಕಲ, ಏಚಲ, ಬಮ್ಮಲ, ಶಾಂತಲ... ನಾಲಿಗೆಯ ತುದಿಯಲ್ಲಿ ಗೆಜ್ಜೆ ಕಟ್ಟಿದ ಹಾಗೆ. (‘ಬಮ್ಮಲಾ’ ಕೇಳಿ ಮಗ, ‘ಏರ್‌ಪೋರ್ಟ್‌ನಾಗ ಈ ಹೆಸರು ಕರೆದರ ಪೊಲೀಸರು ಬರ್ತಾರ ಅಪ್ಪಾ’ ಅಂದ!) ಇವರಲ್ಲಿ ಚಂದಲದೇವಿ ನಮ್ಮ ಮಹಾರಾಷ್ಟ್ರದ ಮಗಳು. ಕರಾಡದ ಶಿಲಾಹಾರ ರಾಜಕುಮಾರಿ. ಆರನೆಯ ವಿಕ್ರಮಾದಿತ್ಯನನ್ನು ಸ್ವಯಂವರದಲ್ಲಿ ವರಿಸಿದಳೆಂದು ಕಾಶ್ಮೀರದಿಂದ ಬಂದ ಬಿಲ್ಹಣ ತನ್ನ ಕಾವ್ಯದಲ್ಲಿ ಬರೆದ. ಅಲ್ಲಿ ಅವಳ ಹೆಸರು ಚಂದ್ರಲೇಖೆ. ಸಂಸ್ಕೃತದಲ್ಲಿ ಚಂದ್ರಲೇಖೆ, ಮನೆಯಲ್ಲಿ ಚಂದಲೆ!

ಶಾಂತಲೆ ಒಬ್ಬಳು ಮಾತ್ರ ಈ ಗುಂಪಿನಿಂದ ಇಂದಿನವರೆಗೆ ನಡೆದುಬಂದಿದ್ದಾಳೆ. ಹೊಯ್ಸಳ ವಿಷ್ಣುವರ್ಧನನ ರಾಣಿ, ನಾಟ್ಯದಲ್ಲಿ ನಿಪುಣೆ, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಕೆ. ವಿ. ಅಯ್ಯರ್ ಅವರ ಕಾದಂಬರಿ ಓದಿ ಮಗಳಿಗೆ ಶಾಂತಲಾ ಎಂದು ಹೆಸರಿಟ್ಟ ಅಪ್ಪಂದಿರನ್ನು ನಾನೇ ಕಂಡಿದ್ದೇನೆ. ಏಚಲೆಗೂ ಮೈಳಲೆಗೂ ಅಂಥ ಕಾದಂಬರಿಕಾರ ಸಿಗಲಿಲ್ಲ. ಅಷ್ಟೇ ವ್ಯತ್ಯಾಸ.

ಅಕ್ಕಾದೇವಿಯನ್ನು ಬಿಡುವಂತಿಲ್ಲ. ಚಾಲುಕ್ಯ ಇಮ್ಮಡಿ ಜಯಸಿಂಹನ ಅಕ್ಕ. ಕಿಸುಕಾಡು ಎಪ್ಪತ್ತನ್ನು ಆಳಿದವಳು, 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿ ಕೂತವಳು. ಅವಳ ಬಿರುದು ‘ಗುಣದ ಬೆಡಂಗಿ’. ಬೆಡಂಗು ಎಂದರೆ ಸೊಬಗು. ಗುಣವೇ ಸೊಬಗಾದವಳು ಎಂದರ್ಥ. ಬೆಡಂಗಿ! ಷರತ್ತಿನಂತೆ ಚಿಕ್ಕದು, ಅರ್ಥವುಳ್ಳದ್ದು, ಯಾರೂ ಇಟ್ಟಿರದ್ದು. ಅಮೆರಿಕಾದವರ ಉಚ್ಚಾರದ ಬಗ್ಗೆ ಮಾತ್ರ ನಾನು ಜವಾಬ್ದಾರನಲ್ಲ.

ಶರಣೆಯರ ಹೆಸರುಗಳಲ್ಲಿ ಕೆಲಸದ ವಾಸನೆ ಇದೆ. ಕದಿರ ರೆಮ್ಮವ್ವೆಯ ಕದಿರು ಅಂದರೆ ನೂಲುವ ರಾಟೆಯ ಕದಿರು. ಬೊಂತಾದೇವಿಯ ಬೊಂತೆ ಅಂದರೆ ಕೌದಿ. ಮುಕ್ತಾಯಕ್ಕ ಲಕ್ಕುಂಡಿಯವಳು, ಅಜಗಣ್ಣನ ತಂಗಿ. ಮುಕ್ತಾ ಎಂದರೆ ಮುತ್ತು, ಬಿಡುಗಡೆ ಹೊಂದಿದವಳು ಎಂದೂ ಆಗುತ್ತದೆ. ಈ ಹೆಸರು ಮರಾಠಿಯವರಿಗೂ ಪ್ರೀತಿಯದು. ಜ್ಞಾನೇಶ್ವರರ ತಂಗಿ ಮುಕ್ತಾಬಾಯಿ ಅಲ್ಲವೇ? ಲಕ್ಕುಂಡಿಯ ಮುಕ್ತಾಯಕ್ಕ ಅಣ್ಣನೊಡನೆ ವಾದ ಮಾಡಿದಳು, ಆಳಂದಿಯ ಮುಕ್ತಾಬಾಯಿ ಅಣ್ಣನಿಗೆ ಬುದ್ಧಿ ಹೇಳಿದಳು. ಎರಡೂ ನುಡಿಗೆ ಒಬ್ಬೊಬ್ಬಳು ಮುಕ್ತೆ!

ಇಷ್ಟೆಲ್ಲ ಹೇಳುವಾಗ ಸೊಸೆ ಸುಮ್ಮನೆ ಕೇಳುತ್ತಿದ್ದಳು. ಕೊನೆಗೆ, ‘ಬಾಬಾ, ಇವೆಲ್ಲ ನಿಮ್ಮ ಕಡೆಯ ಹೆಸರು. ಇಲ್ಲಿಯದು ಯಾವುದೂ ಇಲ್ಲವಾ?’ ಎಂದು ಕೇಳಿದಳು. ಅವಳು ಠಾಣೆಯ ಹುಡುಗಿ. ನಾನು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ.

ನಮ್ಮ ಡೊಂಬಿವಲಿಯಿಂದ ಲೋಕಲ್ ಹಿಡಿದು ಕಲ್ಯಾಣ ದಾಟಿದರೆ ಅಂಬರನಾಥ ಬರುತ್ತದೆ. ಅಲ್ಲಿನ ಶಿವಾಲಯದ ಶಾಸನ 1060ರದ್ದು, ಉತ್ತರ ಕೊಂಕಣದ ಶಿಲಾಹಾರರದು. ಠಾಣೆ ಅವರ ರಾಜಧಾನಿ, ಆಗಿನ ಹೆಸರು ಶ್ರೀಸ್ಥಾನಕ. ಈ ಅರಸರು ಬಹುಕಾಲ ರಾಷ್ಟ್ರಕೂಟರ ಸಾಮಂತರು. ಅವರ ವಂಶಾವಳಿಯಲ್ಲಿ ವಪ್ಪುವನ್ನ, ಗೊಗ್ಗಿ, ಅರಿಕೇಸರಿ ಎಂಬ ಹೆಸರುಗಳನ್ನು ಓದುವಾಗ ಪಂಪನ ಊರಿನವರಂತೆ ಕಾಣುತ್ತಾರೆ. ಈ ಮನೆತನದಲ್ಲಿ ಝಂಝ ಎಂಬ ದೊರೆ ಇದ್ದ. ಅರಬ್ ಪ್ರವಾಸಿ ಅಲ್ ಮಸೂದಿ 916ರ ಸುಮಾರಿಗೆ ಚೌಲ್ ಬಂದರಿಗೆ ಬಂದಾಗ ಆಳುತ್ತಿದ್ದವನು ಅವನೇ. ಇನ್ನು ಸೇವುಣ ಅರಸ ಇಮ್ಮಡಿ ಭಿಲ್ಲಮನ ಕ್ರಿ.ಶ. 1000ದ ತಾಮ್ರಪಟವೊಂದು ಸಂಗಮನೇರದಲ್ಲಿ ಸಿಕ್ಕಿದೆ. ಆ ಭಿಲ್ಲಮನ ರಾಣಿ ಲಕ್ಷ್ಮಿ, ಝಂಝನ ಮಗಳು. ಆ ಝಂಝ ಠಾಣೆಯ ಶಿಲಾಹಾರನೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಲಕ್ಷ್ಮಿಯ ಇನ್ನೊಂದು ಹೆಸರು ಏನು ಗೊತ್ತೇ?

ಲಚ್ಚಿಯವ್ವೆ!

ಸಾವಿರ ವರ್ಷದ ಹಿಂದೆ, ಅವರ ಮಾತು ನಿಜವಾದರೆ, ಠಾಣೆಯ ಹುಡುಗಿಯೊಬ್ಬಳು ಗೋದಾವರಿಯ ಕಡೆಗೆ ಸೊಸೆಯಾಗಿ ಹೋದಾಗ ಅವಳ ಹೆಸರಿನ ಕೊನೆಗೆ ನಮ್ಮ ಅವ್ವೆ ಇದ್ದಳು. ಸೊಸೆ ಎರಡು ಸಲ ‘ಲಚ್ಚಿಯವ್ವೆ, ಲಚ್ಚಿಯವ್ವೆ’ ಎಂದು ಬಾಯಿಬಿಟ್ಟು ಹೇಳಿ ನೋಡಿದಳು. ಮಗ ಮಾತ್ರ ‘ಲಚ್ಛಾ ಪರಾಠಾ’ ಅಂದು ಬೈಸಿಕೊಂಡ.

ನಾನು ನಗಲಿಲ್ಲ. ನನಗೆ ನನ್ನ ಅವ್ವನ ನೆನಪಾಗಿತ್ತು.

ಅವ್ವನ ಹೆಸರೂ ‘ಅವ್ವ’ ಎಂದೇ ಮುಗಿಯುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಊರಿನಿಂದ ಮುಂಬಯಿಗೆ ಕರೆತಂದೆ. ಯಾವುದೋ ಕಾರ್ಡಿಗೆ ಹೆಸರು ಸೇರಿಸಲು ಒಂದು ಕಚೇರಿಗೆ ಹೋದೆವು. ಗುಮಾಸ್ತ ಹೆಸರು ಕೇಳಿದ, ಹೇಳಿದೆ. ಮತ್ತೊಮ್ಮೆ ಕೇಳಿದ, ಮತ್ತೊಮ್ಮೆ ಹೇಳಿದೆ. ಅವನು ತಲೆ ಎತ್ತದೆ ಕೊನೆಯ ‘ಅವ್ವ’ ಕತ್ತರಿಸಿ ‘ಬಾಯಿ’ ಅಂಟಿಸಿದ. ನಾನು ‘ಹಾಗಲ್ಲ ಸಾಹೇಬರೇ’ ಎನ್ನಬಹುದಿತ್ತು. ಹಿಂದೆ ಉದ್ದ ಕ್ಯೂ ಇತ್ತು, ನನಗೆ ಲೋಕಲ್ ಹಿಡಿಯುವ ಅವಸರವಿತ್ತು. ಅನ್ನಲಿಲ್ಲ. ದಾರಿಯಲ್ಲಿ ಅವ್ವನಿಗೆ ತಿಳಿಸಿದೆ. ‘ಇರಲಿ ಬಿಡೋ, ಹೆಸರು ಹೋದರೇನಾತು, ಸಕ್ಕರಿ ಬರ್ತದಲ್ಲ’ ಅಂದಳು. ಅಲ್ಲಿಂದ ಮುಂದೆ ಎಲ್ಲ ಕಾಗದದಲ್ಲೂ ಅವಳು ಬಾಯಿಯೇ. ಸ್ಮಶಾನದ ರಸೀದಿಯಲ್ಲೂ.

ಬಾಯಿ ಕೆಟ್ಟ ಪದವೇನಲ್ಲ. ಅಹಿಲ್ಯಾಬಾಯಿ, ಜೀಜಾಬಾಯಿ, ಬಹಿಣಾಬಾಯಿ ಎಲ್ಲ ಬಾಯಿಯರೇ, ಕೈಮುಗಿಯಬೇಕಾದವರೇ. ಆದರೆ ನನ್ನ ಅವ್ವ ಅವ್ವನಾಗಿದ್ದಳು.

ಎರಡನೆಯ ತಪ್ಪು ಪೂರ್ತಿ ನನ್ನದೇ. 1983ರಲ್ಲಿ ಮಗಳು ಹುಟ್ಟಿದಾಗ ಅವ್ವ ಮೆಲ್ಲಗೆ, ‘ನಿಮ್ಮಜ್ಜಿ ಹೆಸರು ಇಡೋಣೇನು?’ ಎಂದು ಕೇಳಿದ್ದಳು. ಅದೂ ಒಂದು ‘ಅವ್ವ’ ಹೆಸರು. ಬೊಂಬಾಯಿಯ ಶಾಲೆಯಲ್ಲಿ ಮಕ್ಕಳು ನಗುತ್ತಾರೆ, ಅದೆಲ್ಲ ಹಳೆಯ ಕಾಲದ್ದು ಎಂದು ನಾನು ಗದರಿದೆ. ಆಗ ಚಾಲ್ತಿಯಲ್ಲಿದ್ದ, ಸಿನಿಮಾದಲ್ಲೆಲ್ಲ ಬರುತ್ತಿದ್ದ ಹೆಸರೊಂದನ್ನು ಇಟ್ಟೆ. ಅವಳ ತರಗತಿಯಲ್ಲಿ ಅದೇ ಹೆಸರಿನ ನಾಲ್ವರು ಹುಡುಗಿಯರಿದ್ದರು! ಹತ್ತು ವರ್ಷ ಅವಳನ್ನು ಹೆಸರಿನ ಜೊತೆ ಅಡ್ಡಹೆಸರಿನ ಮೊದಲ ಅಕ್ಷರ ಸೇರಿಸಿ ಕರೆದರು. ಮೊನ್ನೆ ನನ್ನ ನೋಟ್ ಪುಸ್ತಕ ತಿರುವಿ ಹಾಕುತ್ತಾ ಅವಳು, ‘ಇಷ್ಟೆಲ್ಲಾ ಗೊತ್ತಿದ್ದೂ ನನಗ್ಯಾಕ ಇಂಥಾ ಹೆಸರು ಇಡಲಿಲ್ಲಪ್ಪಾ?’ ಎಂದು ಕೇಳಿದಳು. ‘ಆಗ ಗೊತ್ತಿರಲಿಲ್ಲವ್ವಾ’ ಅಂದೆ. ಅದು ಅರ್ಧ ನಿಜ. ಅಜ್ಜಿಯ ಹೆಸರಂತೂ ಗೊತ್ತಿತ್ತಲ್ಲ. ಬಡ ರನ್ನ ಮಾಡಿದ್ದನ್ನು ತಿಂಗಳ ಸಂಬಳದ ನಾನು ಮಾಡಲಿಲ್ಲ.

ಹೆಸರು ಅಳಿಸುವುದು ಹೊಸತೇನಲ್ಲ ಅನ್ನಿ. ಇಲ್ಲಿಯ ಮದುವೆಗಳಲ್ಲಿ ತಟ್ಟೆಯ ಅಕ್ಕಿಯ ಮೇಲೆ ವರ ಉಂಗುರದಿಂದ ವಧುವಿಗೆ ಹೊಸ ಹೆಸರು ಬರೆಯುವ ಪದ್ಧತಿ ಇದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲೂ ಇತ್ತು. ಅಕ್ಕಿಯ ಮೇಲೆ ಬರೆದದ್ದು ಒಂದು ಉಸಿರಿಗೆ ಹೋಗುತ್ತದೆ, ಆದರೆ ತವರಿನ ಹೆಸರು ಅದರ ಜೊತೆಗೇ ಹೋಗಿಬಿಡುತ್ತದೆ. ನನ್ನ ಮಗನ ಮದುವೆಯಲ್ಲಿ ಸೊಸೆ ತನ್ನ ಹೆಸರನ್ನೇ ಉಳಿಸಿಕೊಂಡಳು. ಅಂದು ನನಗೆ ಸ್ವಲ್ಪ ಕಸಿವಿಸಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಇಂದು ಅವಳೇ ಸರಿ ಅನಿಸುತ್ತದೆ.

ಈಗ ಒಂದು ಸಂತೋಷದ ಸಂಗತಿ. ಮಹಾರಾಷ್ಟ್ರದಲ್ಲಿ 2024ರ ಮೇ 1 ಮತ್ತು ನಂತರ ಹುಟ್ಟಿದ ಮಕ್ಕಳ ಹೆಸರನ್ನು ಸರ್ಕಾರಿ ದಾಖಲೆಗಳಲ್ಲಿ ಬರೆಯುವ ಕ್ರಮ ಬದಲಾಗಿದೆ. ಮೊದಲು ಮಗುವಿನ ಹೆಸರು, ಆಮೇಲೆ ತಾಯಿಯ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು. ಅಂದರೆ ನನ್ನ ಮೊಮ್ಮಗಳ ಹೆಸರಿನ ಪಕ್ಕದಲ್ಲೇ ಅವಳ ತಾಯಿ ಇರುತ್ತಾಳೆ. ಜಕ್ಕಿಯಬ್ಬೆಯ ಹೆಸರಿನೊಳಗೆ ಅಬ್ಬೆ ಕೂತಿದ್ದ ಹಾಗೆ! ಮಹಾಕೂಟದ ಕಂಬದ ಮೇಲೆ ವಿನಾಪೋಟಿಯ ಪಕ್ಕ ಕುಚಿಪೋಟಿ ನಿಂತ ಹಾಗೆ. ಒಂದು ಕಚೇರಿಯಲ್ಲಿ ಹೋದ ಅವ್ವ ಇನ್ನೊಂದು ಕಚೇರಿಯ ಮೂಲಕವೇ ಮರಳಿ ಬಂದಳು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಬರುವ ಭಾನುವಾರ ಬಾರಸೆ. ತೊಟ್ಟಿಲು ಬೀಗರ ಮನೆಯಿಂದ ಬರುತ್ತದೆ, ಗುಗ್ಗರಿ ನಮ್ಮ ಮನೆಯದು. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನ ಮಗಳದು. ಆಗ ಅವಳ ಬೆನ್ನಿಗೆ ಹೆಂಗಸರಿಂದ ನಾಲ್ಕು ಗುದ್ದು ಬೀಳುವುದೂ ಪದ್ಧತಿ, ಅದರಲ್ಲಿ ಕನ್ನಡ ಮರಾಠಿ ಭೇದವಿಲ್ಲ! ಹೆಸರು ನಿಶ್ಚಯವಾಗಿದೆ. ಅತ್ತಿಗೆ ನಾದಿನಿ ಇಬ್ಬರೂ ಬಾಗಿಲು ಹಾಕಿಕೊಂಡು ಕೂತು ನನ್ನ ನೋಟ್ ಪುಸ್ತಕದಿಂದಲೇ ಒಂದನ್ನು ಆರಿಸಿದ್ದಾರಂತೆ. ಯಾವುದು ಎಂದು ನನಗೂ ಹೇಳಿಲ್ಲ. ‘ಮೊದಲು ಕೂಸು ಕೇಳಬೇಕು, ಆಮೇಲೆ ನೀವು’ ಅಂದರು. ನ್ಯಾಯವೇ.

ನೀವೂ ಒಂದು ಕೆಲಸ ಮಾಡಿ. ಇವತ್ತು ಊರಿಗೆ ಫೋನು ಮಾಡಿದಾಗ ಹಿರಿಯರನ್ನು ಕೇಳಿ, ನಿಮ್ಮ ಅಜ್ಜಿಯ ತಾಯಿಯ ಹೆಸರೇನಿತ್ತು, ಮದುವೆಗೆ ಮೊದಲು ಏನಿತ್ತು ಎಂದು. ಗೊತ್ತಾದರೆ ಎಲ್ಲಾದರೂ ಬರೆದಿಡಿ. ಕಲ್ಲಿನ ಮೇಲೇ ಆಗಬೇಕೆಂದಿಲ್ಲ.